ಕೆಂಗೇರಿಯಿಂದ ಎಂಟು ಲಕ್ಷ ವರ್ಷ ಮುಂದಕ್ಕೆ

ಒಂದು ಸಂಜೆ ನಾನು ಇಳಿಯಬೇಕಾದ ಸ್ಟೇಷನ್ ಬಿಟ್ಟು ಸೀದಾ ಚಲ್ಲಘಟ್ಟಕ್ಕೆ ಹೋಗಿಬಿಟ್ಟೆ. ಬೋಗಿಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. "ಮೇಡಂ, ಇದು ಲಾಸ್ಟ್ ಸ್ಟಾಪು, ಇಳೀರಿ" ಎಂದು ಸೆಕ್ಯುರಿಟಿ ಹುಡುಗ ಎರಡು ಸಲ ಕರೆದ ಮೇಲೆ ಎಚ್ಚರವಾಯಿತು. ಎಚ್ಚರ ಅಂದರೆ ನಿದ್ದೆಯಿಂದಲ್ಲ. ಆ ಹೊತ್ತಿಗೆ ನಾನು ಕ್ರಿ.ಶ. 802701ನೇ ಇಸವಿಯಲ್ಲಿದ್ದೆ. ಭೂಮಿಯೊಳಗಿನ ಕತ್ತಲ ಗುಹೆ, ಸುತ್ತಲೂ ಬಿಳಿಚಿಕೊಂಡ ವಿಚಿತ್ರ ಪ್ರಾಣಿಗಳು, ಕೈಯಲ್ಲಿ ಉಳಿದಿರುವುದು ನಾಲ್ಕೇ ನಾಲ್ಕು ಬೆಂಕಿಕಡ್ಡಿ. ಅಂಥ ಹೊತ್ತಿನಲ್ಲಿ ಕೆಂಗೇರಿ ಬಂದರೆ ಯಾರಿಗೆ ಗೊತ್ತಾಗುತ್ತದೆ ಹೇಳಿ?

ಮನೆಗೆ ಬಂದು ತಡವಾಗಿದ್ದಕ್ಕೆ ಕಾರಣ ಹೇಳಿದೆ. ನಮ್ಮನೆಯವರು ನನ್ನ ಮುಖವನ್ನೇ ನೋಡಿ, "ಮಗಳು ಹೀಗೆ ಮಾಡಿದ್ರೆ ಬೈತಿದ್ದೆ ತಾನೇ?" ಎಂದರು. ಬೈಯುತ್ತಿದ್ದೆ, ಸುಳ್ಳು ಯಾಕೆ.

ನನ್ನ ಕೆಲಸ ವೈಟ್‌ಫೀಲ್ಡ್ ಕಡೆ, ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ. ಮನೆ ಕೆಂಗೇರಿಯಲ್ಲಿ. ಬೆಂಗಳೂರು ಗೊತ್ತಿರುವವರಿಗೆ ಈ ಎರಡು ಊರ ಹೆಸರು ಒಂದೇ ವಾಕ್ಯದಲ್ಲಿ ಬಂದರೆ ಸಾಕು, ಅಯ್ಯೋ ಪಾಪ ಅನ್ನುತ್ತಾರೆ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಪೂರ್ತಿ ಶುರುವಾಗುವವರೆಗೆ ಬಸ್ಸು, ಮೆಟ್ರೊ, ಮತ್ತೆ ಬಸ್ಸು, ಮತ್ತೆ ಮೆಟ್ರೊ ಅಂತ ಹತ್ತಿ ಇಳಿದೇ ಅರ್ಧ ಆಯುಷ್ಯ ಹೋಗಿತ್ತು. ಈಗ ಕೆಂಗೇರಿ ಬಸ್ ಟರ್ಮಿನಲ್‌ನಲ್ಲಿ ಹತ್ತಿದರೆ ಪಟ್ಟಂದೂರು ಅಗ್ರಹಾರದಲ್ಲಿ ಇಳಿಯುವುದು, ಹೆಚ್ಚುಕಡಿಮೆ ಒಂದೂಕಾಲು ಗಂಟೆ. ಹೋಗೋದು ಬರೋದು ಸೇರಿದರೆ ದಿನಕ್ಕೆ ಎರಡೂವರೆ ಗಂಟೆ.

ಈ ಎರಡೂವರೆ ಗಂಟೆಯನ್ನು ಮೊದಮೊದಲು ಫೋನ್ ನೋಡಿ ಕಳೆಯುತ್ತಿದ್ದೆ. ಯಾರದೋ ಅಡುಗೆ, ಯಾರದೋ ಮನೆಯ ಗೃಹಪ್ರವೇಶ, ಯಾರದೋ ನಾಯಿ. ಇಳಿಯುವ ಹೊತ್ತಿಗೆ ಕುತ್ತಿಗೆ ನೋವು, ಏನು ನೋಡಿದೆ ಅಂದರೆ ಒಂದೂ ನೆನಪಿಲ್ಲ. ಪುಸ್ತಕ ಓದೋಣವೆಂದರೆ ಒಂದು ಕೈ ಕಂಬಕ್ಕೆ ಬೇಕು, ಚಾಳೀಸು ಬಂದ ಕಣ್ಣಿಗೆ ಕನ್ನಡಕ ಬೇಕು, ಮೆಜೆಸ್ಟಿಕ್ ಬಂದರೆ ನಿಂತಲ್ಲಿ ನಿಲ್ಲಲು ಜಾಗವೇ ಬೇಕು. ಆಗ ಮಗಳು ತನ್ನ ಹಳೆಯ ಇಯರ್‌ಫೋನ್ ಕೊಟ್ಟು, "ಅಮ್ಮ, ಓದೋಕಾಗಲ್ಲ ಅಂದ್ರೆ ಕೇಳು" ಎಂದು ಲಿಬ್ರಿವಾಕ್ಸ್ ಎಂಬ ಆ್ಯಪ್ ಹಾಕಿಕೊಟ್ಟಳು.

ಗೊತ್ತಿಲ್ಲದವರಿಗಾಗಿ ಎರಡು ಮಾತು. 2005ರಲ್ಲಿ ಶುರುವಾದದ್ದು ಇದು. ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೆಯ ಪುಸ್ತಕಗಳನ್ನು ಊರೂರಿನ ಸಾಮಾನ್ಯ ಜನ ತಮ್ಮ ಮನೆಯಲ್ಲೇ ಕೂತು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿ ಹಾಕುತ್ತಾರೆ. ಸಂಬಳ ಇಲ್ಲ. ನಮಗೂ ಖರ್ಚಿಲ್ಲ. ಪುಸ್ತಕಗಳು ಹಳೆಯವೇ ಆಗಿರಬೇಕಾದ್ದರಿಂದ ಅಸಿಮೊವ್, ಕ್ಲಾರ್ಕ್ ಅಂಥವರ ಹೆಸರಾಂತ ಕಾದಂಬರಿಗಳು ಅಲ್ಲಿಲ್ಲ. ವೆಲ್ಸ್, ಜೂಲ್ಸ್ ವರ್ನ್, ಮೇರಿ ಶೆಲ್ಲಿ ಹೀಗೆ ನೂರಾರು ವರ್ಷ ಹಿಂದಿನವರು ಇದ್ದಾರೆ. ನಾನು ವೈಜ್ಞಾನಿಕ ಕಥೆಗಳನ್ನೇ ಆರಿಸಿಕೊಂಡದ್ದಕ್ಕೂ ಕಾರಣ ಇದೆ. ಹೈಸ್ಕೂಲಿನಲ್ಲಿದ್ದಾಗ ಊರ ಲೈಬ್ರರಿಯಿಂದ ರಾಜಶೇಖರ ಭೂಸನೂರಮಠರ ಪುಸ್ತಕಗಳನ್ನು ತಂದು, ಅಟ್ಟದ ಮೇಲೆ ಕೂತು ಓದುತ್ತಿದ್ದವಳು ನಾನು. ಆಮೇಲೆ ಬಿ.ಕಾಂ., ಮದುವೆ, ಮಗು, ಜಿಎಸ್‌ಟಿ. ನಡುವೆ ಆ ರುಚಿ ಎಲ್ಲಿ ಬಿಟ್ಟುಹೋಯಿತೋ ಗೊತ್ತೇ ಆಗಲಿಲ್ಲ.

ಶುರುವಿನಲ್ಲಿ ಕಷ್ಟವಾಯಿತು. ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಆಫೀಸಿನ ಇಂಗ್ಲಿಷ್ ಬೇರೆ, 1895ರಲ್ಲಿ ವೆಲ್ಸ್ ಬರೆದ ಇಂಗ್ಲಿಷ್ ಬೇರೆ. ಒಂದು ವಾಕ್ಯ ಹಿಡಿಯುವಷ್ಟರಲ್ಲಿ ಮೂರು ವಾಕ್ಯ ಮುಂದೆ ಓಡಿರುತ್ತಿತ್ತು. ಮಗಳೇ ಅದಕ್ಕೂ ಉಪಾಯ ಹೇಳಿದಳು, ವೇಗ ಸ್ವಲ್ಪ ಇಳಿಸಬಹುದಂತೆ. ಇಳಿಸಿದೆ. ಓದುವವರು ಈಗ ನಿಧಾನವಾಗಿ, ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಮಾತಾಡುವವರ ಹಾಗೆ ಕೇಳಿಸತೊಡಗಿದರು. ಎಲ್ಲರೂ ಚೆನ್ನಾಗಿ ಓದುತ್ತಾರೆ ಅಂತಲ್ಲ. ಒಬ್ಬರದು ರೈಲ್ವೆ ಅನೌನ್ಸ್‌ಮೆಂಟ್ ಥರ. ಇನ್ನೊಬ್ಬರ ಹಿಂದೆ ನಾಯಿ ಬೊಗಳುತ್ತದೆ. ಕೆಲವು ಪುಸ್ತಕಗಳಲ್ಲಿ ಅಧ್ಯಾಯಕ್ಕೊಬ್ಬರು ಓದುಗರು, ನಿನ್ನೆ ಅಜ್ಜನ ದನಿಯಲ್ಲಿದ್ದ ನಾಯಕ ಇವತ್ತು ಕಾಲೇಜು ಹುಡುಗಿಯ ದನಿಯಲ್ಲಿ ಬರುತ್ತಾನೆ. ಆದರೂ ಮನುಷ್ಯರ ದನಿ ಎನ್ನುವುದು ಖುಷಿ. ನಮ್ಮ ಶಿವಮೊಗ್ಗ ಸೀಮೆಯಲ್ಲಿ ಗಮಕ ಕೇಳಿ ಬೆಳೆದವರಿಗೆ ಪುಸ್ತಕ ಕಿವಿಯಿಂದ ಒಳಗೆ ಹೋಗುವುದು ಹೊಸದೇನಲ್ಲ. ಹೊಸಳ್ಳಿಯಲ್ಲಿ ಒಬ್ಬರು ವಾಚನ ಮಾಡಿ ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಿದ್ದರೆ ಅಕ್ಷರ ಬಾರದ ಹೆಂಗಸರೂ ಕುಮಾರವ್ಯಾಸನನ್ನು ಕೇಳಿ ತಲೆದೂಗುತ್ತಿದ್ದರು. ಇಲ್ಲಿ ವ್ಯಾಖ್ಯಾನ ಮಾತ್ರ ನಾನೇ ಮಾಡಿಕೊಳ್ಳಬೇಕು.

ವೆಲ್ಸ್‌ನ 'ದಿ ಟೈಮ್ ಮೆಷಿನ್' ಎರಡು ದಿನದ ಓಡಾಟಕ್ಕೆ ಸರಿಹೋಯಿತು. ನಮ್ಮ ಮೆಟ್ರೊ ಮಾಗಡಿ ರಸ್ತೆ ದಾಟಿದ ಮೇಲೆ ನೆಲದೊಳಗೆ ಇಳಿದು, ಕಬ್ಬನ್ ಪಾರ್ಕ್ ಮುಗಿಸಿ ಮತ್ತೆ ಮೇಲೆ ಏಳುತ್ತದೆ. ಕಥೆಯಲ್ಲಿ ಎಂಟು ಲಕ್ಷ ವರ್ಷಗಳಾಚೆ ಮನುಷ್ಯರು ಎರಡು ಜಾತಿಯಾಗಿ ಒಡೆದಿರುತ್ತಾರೆ. ಮೇಲೆ ಬಿಸಿಲಿನಲ್ಲಿ ಹಣ್ಣು ತಿನ್ನುತ್ತಾ ಆಡಿಕೊಂಡಿರುವ, ಏನೂ ಕೆಲಸ ಬಾರದ ಮುದ್ದು ಎಲಾಯ್‌ಗಳು. ನೆಲದೊಳಗೆ ಯಂತ್ರ ನಡೆಸುವ ಮಾರ್ಲಾಕ್‌ಗಳು. ಈ ಮಾರ್ಲಾಕ್‌ಗಳೇ ಎಲಾಯ್‌ಗಳಿಗೆ ಬಟ್ಟೆಬರೆ ಒದಗಿಸುವುದು, ಕತ್ತಲಾದ ಮೇಲೆ ಅವರನ್ನೇ ಹಿಡಿದು ತಿನ್ನುವುದು. ಮೊದಲು ಸುಮ್ಮನೆ ಹೆದರಿಕೆಯ ಕಥೆ ಅಂದುಕೊಂಡಿದ್ದೆ. ಮಾರನೆಯ ದಿನ ಆಫೀಸಿಗೆ ಹೋದಾಗ, ನಮ್ಮ ಕ್ಯಾಂಟೀನಿನ ಅಡುಗೆಮನೆ ಇರುವುದು ಎರಡನೇ ಬೇಸ್‌ಮೆಂಟಿನಲ್ಲಿ ಎಂಬುದು ನೆನಪಾಯಿತು. ಏಳು ವರ್ಷ ಅಲ್ಲಿಂದ ಬಂದ ಊಟ ಉಂಡಿದ್ದೇನೆ. ಒಂದು ದಿನವೂ ಕೆಳಗೆ ಹೋಗಿ ಯಾರು ಮಾಡುತ್ತಾರೆ ಅಂತ ನೋಡಿರಲಿಲ್ಲ. ಆವತ್ತು ಲಿಫ್ಟ್ ಇಳಿದು ಹೋಗಿ ನೋಡಿ ಬಂದೆ. ಸೆಕೆಯೆಂದರೆ ಸೆಕೆ. ಚಪಾತಿ ಲಟ್ಟಿಸುತ್ತಿದ್ದ ರಾಯಚೂರು ಕಡೆಯ ಹೆಣ್ಣುಮಗಳೊಬ್ಬಳು, "ಏನ್ ಬೇಕಿತ್ರೀ ಅಕ್ಕಾರ?" ಎಂದು ಕೇಳಿದಳು. ಏನು ಹೇಳಲಿ? "ಏನಿಲ್ಲಮ್ಮ, ಚಪಾತಿ ಚೆನ್ನಾಗಿರುತ್ತೆ ಅಂತ ಹೇಳೋಣ ಅಂತ ಬಂದೆ" ಎಂದೆ. ಅವಳು ಅಕ್ಕಪಕ್ಕದವರನ್ನು ನೋಡಿ ನಕ್ಕಳು.

ವರ್ನ್ ಮಾತ್ರ ನನ್ನನ್ನು ಸಾಕಷ್ಟು ಗೋಳುಹುಯ್ದುಕೊಂಡ. ಸಮುದ್ರದೊಳಗೆ ಸಬ್‌ಮೆರೀನ್‌ನಲ್ಲಿ ಇಪ್ಪತ್ತು ಸಾವಿರ ಲೀಗ್ ಪ್ರಯಾಣ ಅಂದರೆ ಎಷ್ಟು ರೋಮಾಂಚನ ಇರಬೇಕು! ಇದೆ, ಆದರೆ ನಡುನಡುವೆ ಮೀನುಗಳ ಪಟ್ಟಿ ಬರುತ್ತದೆ. ಆ ಜಾತಿ, ಈ ಉಪಜಾತಿ, ಇಂಥ ರೆಕ್ಕೆ, ಅಂಥ ಬಾಲ. ಹೂಡಿಯಲ್ಲಿ ಶುರುವಾದ ಪಟ್ಟಿ ಇಂದಿರಾನಗರ ಬಂದರೂ ಮುಗಿಯದೆ ನಾನು ನಿದ್ದೆ ಹೋಗಿದ್ದುಂಟು. ಪುಸ್ತಕವಾಗಿದ್ದರೆ ಪುಟ ಹಾರಿಸಬಹುದಿತ್ತು. ಕೇಳುವುದರಲ್ಲಿ ಹಾರಿಸಿದರೆ ಎಲ್ಲಿ ಬಿದ್ದೆವೋ ತಿಳಿಯುವುದಿಲ್ಲ. ಮೇರಿ ಶೆಲ್ಲಿಯ 'ಫ್ರಾಂಕನ್‌ಸ್ಟೈನ್' ಅರ್ಧಕ್ಕೇ ಬಿಟ್ಟಿದ್ದೇನೆ. ದೊಡ್ಡವರು ಬೈಯಬಹುದು, ಅದರ ದುಃಖ ಬೆಳಗಿನ ಎಂಟು ಗಂಟೆಗೆ ತಡೆದುಕೊಳ್ಳುವಂಥದ್ದಲ್ಲ.

ಆದರೆ ವರ್ನ್‌ನ 'ದಿ ಮಿಸ್ಟೀರಿಯಸ್ ಐಲ್ಯಾಂಡ್' ಕೇಳುವಾಗ ನಾನು ರೈಲಿನಲ್ಲೇ "ಅಯ್ಯಯ್ಯೋ" ಎಂದುಬಿಟ್ಟೆ. ಆ ಸಬ್‌ಮೆರೀನಿನ ಯಜಮಾನ, ಯಾವ ದೇಶದವನು ಎಂದೇ ಗೊತ್ತಿರದಿದ್ದ ಕ್ಯಾಪ್ಟನ್ ನೆಮೋ, ಭಾರತದವನಂತೆ! ಬುಂದೇಲಖಂಡದ ರಾಜಕುಮಾರ ಡಕ್ಕರ್, ನಮ್ಮ ಟಿಪ್ಪು ಸುಲ್ತಾನನ ಸಂಬಂಧದಲ್ಲಿ ಸೋದರಳಿಯನಂತೆ. 1857ರ ದಂಗೆಯಲ್ಲಿ ಇಂಗ್ಲಿಷರ ವಿರುದ್ಧ ಹೋರಾಡಿ, ಎಲ್ಲ ಕಳೆದುಕೊಂಡು ಸಮುದ್ರ ಸೇರಿದವನು. 1799ರಲ್ಲೇ ತೀರಿಕೊಂಡ ಟಿಪ್ಪುವಿಗೆ ಅಷ್ಟು ಚಿಕ್ಕ ವಯಸ್ಸಿನ ಸೋದರಳಿಯ ಹೇಗೆ ಅಂತ ಅಕೌಂಟ್ಸ್ ಬುದ್ಧಿ ಲೆಕ್ಕ ಹಾಕಿತು, ತಾಳೆಯಾಗಲಿಲ್ಲ. ಕಥೆಗೆ ಆಡಿಟ್ ಇಲ್ಲವಲ್ಲ, ಬಿಟ್ಟೆ. ನಮ್ಮನೆಯವರು ಮಂಡ್ಯದವರು. ರಾತ್ರಿ ಊಟಕ್ಕೆ ಕೂತಾಗ ಹೇಳಿದರೆ, "ಅಂದ್ರೆ ಶ್ರೀರಂಗಪಟ್ಟಣದ ಕಡೆ ನೆಂಟ ಅನ್ನು. ನಮ್ಮೋನೇ ಕಣೆ ಹಂಗಾದ್ರೆ" ಎಂದು ಎದೆಯುಬ್ಬಿಸಿ ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಬರೆಯಲು ಕೂರಿಸಿದ್ದು ಬೇರೊಂದು ಕಥೆ.

ಕಳೆದ ಮಳೆಗಾಲದ ಶುರುವಿನಲ್ಲಿ ಒಂದು ಸಣ್ಣ ರೆಕಾರ್ಡಿಂಗ್ ಸಿಕ್ಕಿತು. 'ದಿ ಮೆಷಿನ್ ಸ್ಟಾಪ್ಸ್'. ಬರೆದವರು ಇ.ಎಂ. ಫಾರ್‌ಸ್ಟರ್, 'ಎ ಪ್ಯಾಸೇಜ್ ಟು ಇಂಡಿಯಾ' ಬರೆದವರೇ. 1909ರಲ್ಲಿ ಅಚ್ಚಾದ ಕಥೆ. ಉದ್ದ ನೋಡಿದರೆ ನನ್ನ ಒಂದು ಕಡೆಯ ಪ್ರಯಾಣದಷ್ಟೇ ಇತ್ತು. ಸರಿ, ಇವತ್ತಿಗೆ ಇದು ಅಂತ ಹಾಕಿಕೊಂಡೆ.

ಆ ಕಥೆಯಲ್ಲಿ ಮನುಷ್ಯರೆಲ್ಲ ಭೂಮಿಯೊಳಗೆ, ಜೇನುಗೂಡಿನ ಕಣ್ಣಿನಂಥ ಆರು ಮೂಲೆಯ ಕೋಣೆಗಳಲ್ಲಿ ಒಬ್ಬೊಬ್ಬರೇ ಇರುತ್ತಾರೆ. ಊಟಕ್ಕೊಂದು ಗುಂಡಿ, ಸ್ನಾನಕ್ಕೊಂದು ಗುಂಡಿ, ಸಂಗೀತಕ್ಕೊಂದು ಗುಂಡಿ. ಎಲ್ಲವನ್ನೂ ಯಂತ್ರ ನೋಡಿಕೊಳ್ಳುತ್ತದೆ. ಯಾರೂ ಯಾರ ಮನೆಗೂ ಹೋಗುವುದಿಲ್ಲ. ಒಂದು ದುಂಡನೆಯ ತಟ್ಟೆಯಲ್ಲಿ ಮುಖ ನೋಡಿಕೊಂಡು ಮಾತಾಡುತ್ತಾರೆ. ವಾಶ್ಟಿ ಎಂಬ ತಾಯಿಗೆ ಹೀಗೆ ಸಾವಿರಾರು ಜನ ಪರಿಚಯ. ಅವಳ ಮಗ ಕೂನೋ ಭೂಮಿಯ ಇನ್ನೊಂದು ತುದಿಯಲ್ಲಿದ್ದಾನೆ. ಅವನು ಕರೆ ಮಾಡಿ, ನೀನು ಇಲ್ಲಿಗೇ ಬಾ, ನಿನ್ನನ್ನು ಈ ಯಂತ್ರದ ಮೂಲಕ ಅಲ್ಲ, ಎದುರಿಗೆ ನೋಡಬೇಕು ಅನ್ನುತ್ತಾನೆ. ಅವಳಿಗೆ ಅರ್ಥವೇ ಆಗುವುದಿಲ್ಲ. ಈಗ ನೋಡುತ್ತಲೇ ಇದ್ದೀಯಲ್ಲ, ಇನ್ನೇನು ಬೇಕು? ಅವಳು ಅವನಿಗೆ ಕೊಡುವುದು ಐದು ನಿಮಿಷ. ಅವಳದೊಂದು ಉಪನ್ಯಾಸ ಇರುತ್ತದೆ.

1909ರಲ್ಲಿ ಟೀವಿ ಇರಲಿಲ್ಲ, ಮನೆಮನೆಗೆ ರೇಡಿಯೊ ಕೂಡ ಇರಲಿಲ್ಲ. ಆ ಪುಣ್ಯಾತ್ಮ ವಿಡಿಯೊ ಕಾಲ್ ಬಗ್ಗೆ ಬರೆದಿಟ್ಟಿದ್ದ! ಮೊದಲು ಆ ಬೆರಗೇ ದೊಡ್ಡದಾಗಿತ್ತು. ಪಕ್ಕದಲ್ಲಿ ನಿಂತಿದ್ದ ಹುಡುಗಿಗೆ ಹೇಳೋಣ ಅನ್ನಿಸಿತು, ಅವಳ ಕಿವಿಯಲ್ಲೂ ಏನೋ ಸಿಕ್ಕಿಸಿಕೊಂಡಿದ್ದಳು.

ಆಮೇಲೆ ತಾಯಿ ಬೇಸರ ಮಾಡಿಕೊಂಡೇ ಮಗನನ್ನು ನೋಡಲು ಹೊರಡುತ್ತಾಳೆ. ಹಾರುವ ಹಡಗಿನಲ್ಲಿ ಎರಡು ದಿನದ ದಾರಿ. ಕೆಳಗೆ ಹಿಮಾಲಯ ಕಾಣುತ್ತದೆ. ನೋಡುವಂಥದ್ದು ಏನೂ ಇಲ್ಲ ಅಂತ ಅವಳು ಪರದೆ ಎಳೆಸುತ್ತಾಳೆ. ನಾನು ವೇಗ ಇಳಿಸಿ ಕೇಳುವವಳಾದ್ದರಿಂದ ಪಟ್ಟಂದೂರು ಬಂದರೂ ಕಥೆ ಮುಗಿದಿರಲಿಲ್ಲ. ಉಳಿದದ್ದನ್ನು ಸಂಜೆ ಕೇಳಿದೆ. ಯಂತ್ರ ನಿಲ್ಲುತ್ತದೆ ಎಂಬುದು ಹೆಸರಿನಲ್ಲೇ ಇದೆ, ಹೇಗೆ ಅನ್ನುವುದನ್ನು ನೀವೇ ಕೇಳಿ. ಕೊನೆಯ ಹತ್ತು ನಿಮಿಷ ಬರುವ ಹೊತ್ತಿಗೆ ನಮ್ಮ ರೈಲು ಸುರಂಗದಲ್ಲಿತ್ತು. ಮೆಜೆಸ್ಟಿಕ್ ಆಯಿತು. ಒಂದೇ ಕಿವಿಗೆ ಸಿಕ್ಕಿಸಿಕೊಳ್ಳುವುದನ್ನು ಚಲ್ಲಘಟ್ಟದ ಪ್ರಸಂಗದ ನಂತರ ರೂಢಿ ಮಾಡಿಕೊಂಡಿದ್ದೆ. ಹಾಗಾಗಿ ಇನ್ನೊಂದು ಕಿವಿಗೆ ಮುಂದಿನ ನಿಲ್ದಾಣದ ಹೆಸರು ಕೇಳಿಸಿತು: ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ.

ನನ್ನ ತವರು ಸಾಗರದಿಂದ ಏಳು ಕಿಲೋಮೀಟರ್ ದೂರದ ಹಳ್ಳಿ. ಅಮ್ಮ ಅಲ್ಲೇ ತಮ್ಮನ ಜೊತೆ ಇದ್ದಾಳೆ. ಅಲ್ಲಿಗೆ ಹೋಗುವ ತಾಳಗುಪ್ಪ ರೈಲು ರಾತ್ರಿ ಹೊರಡುವುದು ಇದೇ ನಿಲ್ದಾಣದಿಂದ. ರಾತ್ರಿ ಹತ್ತಿ ಮಲಗಿದರೆ ಬೆಳಿಗ್ಗೆ ಸಾಗರ. ಆ ಪ್ಲಾಟ್‌ಫಾರ್ಮುಗಳ ಪಕ್ಕದಲ್ಲೇ, ನೆಲದಡಿಯಲ್ಲಿ, ನಾನು ದಿನಕ್ಕೆ ಎರಡು ಸಲ ಹಾದುಹೋಗುತ್ತಿದ್ದೆ. ಊರಿಗೆ ಹೋಗಿ ಹದಿಮೂರು ತಿಂಗಳಾಗಿತ್ತು. ಭಾನುವಾರ ಬಿಡದೆ ಅಮ್ಮನಿಗೆ ವಿಡಿಯೊ ಕಾಲ್ ಮಾಡುತ್ತಿದ್ದೆ, ಅದರಲ್ಲಿ ಲೋಪ ಇಲ್ಲ. "ಯಾವಾಗ ಬರ್ತೀಯೇ?" ಎಂದು ಅವಳು ಕೇಳುತ್ತಿದ್ದಳು. "ದಿನಾ ನೋಡ್ತಾನೇ ಇರ್ತೀವಲ್ಲ ಅಮ್ಮ. ಈ ಕ್ವಾರ್ಟರ್ ಮುಗೀಲಿ" ಎನ್ನುತ್ತಿದ್ದೆ. ಕ್ವಾರ್ಟರ್ ಮುಗಿಯುತ್ತಿತ್ತು, ಇನ್ನೊಂದು ಬರುತ್ತಿತ್ತು. ಇತ್ತೀಚೆಗೆ ಅವಳು ಕೇಳುವುದನ್ನೂ ಬಿಟ್ಟಿದ್ದಳು. ನಾನು ಅದನ್ನು ಗಮನಿಸಿರಲಿಲ್ಲ. ಆ ಸುರಂಗದಲ್ಲಿ ನಿಂತಾಗ ಗಮನಕ್ಕೆ ಬಂತು.

ಆವತ್ತೇ ಇಳಿದು ಓಡಿಹೋದೆ ಅಂತ ಬರೆದರೆ ಕಥೆ ಚೆಂದವಾಗುತ್ತಿತ್ತು. ಹಾಗಾಗಲಿಲ್ಲ. ಮನೆಗೆ ಹೋಗಿ ಅನ್ನಕ್ಕಿಟ್ಟೆ. ಆ ವಾರ ರಜೆ ಕೇಳಿದರೆ ಸಿಗಲಿಲ್ಲ, ಮುಂದಿನ ವಾರ ಟಿಕೆಟ್ ಸಿಗಲಿಲ್ಲ. ಮೂರನೆಯ ಶುಕ್ರವಾರ ಬ್ಯಾಗ್ ಹಿಡಿದೇ ಆಫೀಸಿಗೆ ಹೋಗಿ, ಸಂಜೆ ಆ ನಿಲ್ದಾಣದಲ್ಲಿ ಇಳಿದೆ. ಬರುತ್ತೇನೆಂದು ಊರಿಗೆ ಹೇಳಿರಲಿಲ್ಲ.

ಅಂಗಳಕ್ಕೆ ಕಾಲಿಟ್ಟಾಗ ಅಮ್ಮ ಜಗಲಿಯಲ್ಲಿ ಕೂತು ಹಲಸಿನ ಬೀಜ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಏಳಲು ಹೋದಳು. ಪಕ್ಕದಲ್ಲಿದ್ದ ಊರುಗೋಲಿಗೆ ಕೈ ಹಾಕಿದಳು. ಎದ್ದು ನಿಲ್ಲುವಷ್ಟರಲ್ಲಿ ಎರಡು ಸಲ ಕೂತಳು.

ವೈಶಾಖದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಿದ್ದಳಂತೆ. ಬಲಗಾಲಿನ ಹಿಮ್ಮಡಿಯ ಮೇಲೆ ಮೂಳೆ ಬಿರುಕು, ಆರು ವಾರ ಪ್ಲಾಸ್ಟರ್. ಅದನ್ನು ತೆಗೆದು ಆಗಲೇ ತಿಂಗಳಾಗಿದ್ದರೂ ಕಾಲು ಬಾತುಕೊಂಡೇ ಇತ್ತು. ಅಷ್ಟೂ ಭಾನುವಾರ ನಾನು ಅವಳನ್ನು ನೋಡಿದ್ದೇನೆ, ಮಾತಾಡಿಸಿದ್ದೇನೆ. ಕಿಟಕಿ ಪಕ್ಕದ ಕುರ್ಚಿ, ಸ್ಟೀಲ್ ಡಬ್ಬಕ್ಕೆ ಒರಗಿಸಿಟ್ಟ ಫೋನು, ಹಣೆಯಿಂದ ಭುಜದವರೆಗಿನ ಅಮ್ಮ. ಭುಜದ ಕೆಳಗೆ ಏನಿದೆ ಎಂದು ಫೋನು ತೋರಿಸಲಿಲ್ಲ, ನಾನೂ ಕೇಳಲಿಲ್ಲ. ತಮ್ಮನ ಹೆಂಡತಿ ಅಡುಗೆಮನೆಯಲ್ಲಿ ಮೆಲ್ಲಗೆ, "ಬೇಜಾರ್ ಮಾಡ್ಕೋಬೇಡಿ ಅತ್ತಿಗೆ, ನಿಮಗೆ ಹೇಳಬಾರದು ಅಂತ ಅತ್ತೆ ಆಣೆ ಹಾಕಿಸಿದ್ರು. ಕೆಲಸ ಬಿಟ್ಟು ಓಡಿ ಬರ್ತಾಳೆ ಅಂತ" ಎಂದಳು. ಓಡಿ ಬರುತ್ತಾಳೆ ಅಂತ! ನಾನು ಕಾಫಿ ಲೋಟ ಹಿಡಿದುಕೊಂಡು ಹಿತ್ತಿಲ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ.

ಆ ರಾತ್ರಿ ಜೋರು ಮಳೆ. ಎಂಟು ಗಂಟೆಗೆ ಕರೆಂಟ್ ಹೋಯಿತು, ಅದರ ಹಿಂದೆಯೇ ಫೋನಿನ ಸಿಗ್ನಲ್ಲೂ ಹೋಯಿತು. ಮಲೆನಾಡಿನಲ್ಲಿ ಇದು ವಿಶೇಷವೇನಲ್ಲ. ಅಮ್ಮನ ಕಾಲಿಗೆ ಎಣ್ಣೆ ಹಚ್ಚುತ್ತಾ ಕೂತೆ. "ದಿನಾ ರೈಲಲ್ಲಿ ಅದೇನೋ ಕಥೆ ಕೇಳ್ತೀಯಂತೆ, ಮೊಮ್ಮಗಳು ಹೇಳ್ತಿದ್ಲು. ಒಂದು ಹೇಳು ನೋಡೋಣ" ಎಂದಳು. ಯಾವುದು ಹೇಳಲಿ ಅಂತ ಯೋಚಿಸಬೇಕಾಗಲಿಲ್ಲ. ನೆಲದೊಳಗಿನ ಕೋಣೆ, ಗುಂಡಿ ಒತ್ತಿದರೆ ಬರುವ ಊಟ, ತಟ್ಟೆಯಲ್ಲಿ ಕಾಣುವ ಮಗನ ಮುಖ, ಎಲ್ಲ ಹೇಳಿದೆ. ಅಮ್ಮ ಭದ್ರಾವತಿ ಆಕಾಶವಾಣಿಯ ನಾಟಕ ಕೇಳಿ ಬೆಳೆದವಳು, ನಡುವೆ ಹೂಂಗುಟ್ಟುವುದು ತಪ್ಪಿಸುವುದಿಲ್ಲ.

"ಆ ತಾಯಿ ಹೋದ್ಲೋ ಇಲ್ವೋ ಕೊನೆಗೆ?" ಎಂದು ಕೇಳಿದಳು.

"ಹೋದ್ಲಮ್ಮ."

"ಎರಡು ದಿನದ ದಾರಿ ಅಂದ್ಯಲ್ಲ. ಬುತ್ತಿ ಏನಾದ್ರೂ ಕಟ್ಕೊಂಡು ಹೋದ್ಲಾ, ಬರಿಗೈಲಿ ಹೋದ್ಲಾ?"

ಫಾರ್‌ಸ್ಟರ್ ಅದನ್ನು ಬರೆದಿಲ್ಲ. ನನಗೂ ಹೊಳೆದಿರಲಿಲ್ಲ. "ಬರಿಗೈಲೇ ಹೋದ್ಲು ಅನ್ಸುತ್ತೆ" ಎಂದೆ.

"ಥೂ, ಅದೆಂಥಾ ಮಾರಾಯ್ತಿ ಅವಳು!" ಎಂದಳು ಅಮ್ಮ. ಕೊನೆಯನ್ನೂ ಹೇಳಿದೆ. ಅವಳು ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ನಿದ್ದೆ ಬಂತೇನೋ ಅಂದುಕೊಂಡು ಕಾಲಿನ ಮೇಲೆ ಕಂಬಳಿ ಎಳೆದೆ. "ಇನ್ನೊಂಚೂರು ತಿಕ್ಕು, ಹಿಮ್ಮಡಿ ಹತ್ರ" ಎಂದಳು.

ಅದಾದ ಮೇಲೆ ನಾಲ್ಕು ಸಲ ಹೋಗಿ ಬಂದಿದ್ದೇನೆ. ಮೆಟ್ರೊದಲ್ಲಿ ಕೇಳುವುದು ನಿಂತಿಲ್ಲ, ಈಗ ವೆಲ್ಸ್‌ನ 'ದಿ ವಾರ್ ಆಫ್ ದಿ ವರ್ಲ್ಡ್ಸ್' ನಡೆಯುತ್ತಿದೆ. ಮಂಗಳ ಗ್ರಹದವರು ಲಂಡನ್ ಹತ್ತಿರ ಬಂದಿದ್ದಾರೆ. ಆದರೆ ಈಗ ಕೇಳುವಾಗ ಒಂದು ಹೊಸ ಅಭ್ಯಾಸ ಬಂದಿದೆ, ಯಾವುದನ್ನು ಅಮ್ಮನಿಗೆ ಹೇಗೆ ಹೇಳುವುದು ಎಂದು ಲೆಕ್ಕ ಹಾಕುತ್ತಿರುತ್ತೇನೆ. ಮುಂದಿನ ಶುಕ್ರವಾರದ ಟಿಕೆಟ್ ಆಗಿದೆ, ಕೆಳಗಿನ ಬರ್ತೇ ಸಿಕ್ಕಿದೆ. ಈ ಸಲ ಕ್ಯಾಪ್ಟನ್ ನೆಮೋ ಕಥೆ ಹೇಳಬೇಕು ಅಂದುಕೊಂಡಿದ್ದೇನೆ. ಮೀನಿನ ಪಟ್ಟಿ ಮಾತ್ರ ಬಿಟ್ಟುಬಿಡುತ್ತೇನೆ.